ಕಲೀನಾಳ ಬಾಲ

ಅಕ್ಟೋಬರ್ 5, ಶನಿವಾರ

ಹರಾಜಿನಿಂದ ಒಂದು ಹೆಣ್ಣು ಕುದುರೆ ತಂದೆ. ಕೆಂಗಂದು ಮೈ, ಕಪ್ಪು ಜೂಲು, ಹಣೆಯ ಮೇಲೆ ಬಟಾಣಿ ಕಾಳಿನಷ್ಟು ಬಿಳಿ. ವಯಸ್ಸು ಒಂಬತ್ತೋ ಹತ್ತೋ ಇರಬಹುದು. ನಾನು ಹೋಗಿದ್ದು ಹಳೆಯ ಬೇಲಿ ಕಂಬಗಳಿಗಾಗಿ. ಕಂಬಗಳ ಬೆಲೆ ಏರಿತು, ಕುದುರೆಯನ್ನು ಯಾರೂ ಕೇಳಲಿಲ್ಲ.

ಜೊತೆಗಾತಿ ಸತ್ತ ಮೇಲೆ ನಮ್ಮ ಮುದಿ ಕುದುರೆ ಬೂಟ್ಸ್ ಬೇಲಿಯ ಮೂಲೆ ಬಿಟ್ಟು ಕದಲುತ್ತಿಲ್ಲ. ಅದಕ್ಕೊಂದು ಜೊತೆ ಬೇಕಿತ್ತು. ತಂದ ಕಾರಣ ಅಷ್ಟೇ. ಸವಾರಿಗಲ್ಲ. ಕಳೆದ ವರ್ಷ ಬಿದ್ದು ಕೊರಳೆಲುಬು ಮುರಿದುಕೊಂಡ ದಿನವೇ ಸವಾರಿ ಮುಗಿಯಿತು ಎಂದು ತೀರ್ಮಾನಿಸಿದ್ದೇನೆ. ಅರವತ್ತೊಂದು ವಯಸ್ಸಿಗೆ ಅದು ಸರಿಯಾದ ತೀರ್ಮಾನ.

ಬಾಲ ಮಾತ್ರ ಮೊಂಡು. ಹಿಂಗಾಲಿನ ಗಂಟಿಗಿಂತ ಮೇಲಕ್ಕೇ ನಿಂತಿದೆ. ಜೊತೆಗಿದ್ದ ಕರುಗಳು ಜಗಿದುಬಿಟ್ಟವು, ಬೆಳೆಯುತ್ತದೆ ಬಿಡಿ ಎಂದ ದಲ್ಲಾಳಿ.

ನನ್ನ ಗಂಡ ಲೈಲ್ ಕುದುರೆ ಸಾಗಿಸುವ ಟ್ರೇಲರಿನ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದ. "ಕಂಬ ತರ್ತೀನಿ ಅಂತ ಹೋಗಿ ಪೊರಕೆ ತಂದಿದ್ದೀಯಲ್ಲೇ ಮಾರಾಯ್ತಿ. ಅದೂ ಸವೆದಿರೋದು."

ಬೂಟ್ಸ್ ಮೂಲೆ ಬಿಟ್ಟು ಬಂತು. ಮೂಸಿತು. ಸಾಕು.

ಅಕ್ಟೋಬರ್ 23, ಬುಧವಾರ

ಲಾಳ ಕಟ್ಟಲು ರಸ್ಸ್ ಬಂದಿದ್ದ. ಹೊಸ ಕುದುರೆ ಅವನು ಮುಟ್ಟುವ ಮೊದಲೇ ಒಂದೊಂದೇ ಕಾಲೆತ್ತಿ ಕೊಟ್ಟಿತು.

"ಡೋರೀನ್, ಇದನ್ನ ಯಾರೋ ಕೂತು ಕಲಿಸಿದ್ದಾರೆ ಕಣ್ರೀ. ನನ್ನ ಮಕ್ಕಳಿಗೆ ಇಷ್ಟು ಬುದ್ಧಿ ಇದ್ದಿದ್ರೆ ಶಾಲೆಯೋರು ನನ್ನನ್ನ ವಾರವಾರ ಕರೆಸ್ತಿರಲಿಲ್ಲ."

ನಾನೂ ಗಮನಿಸಿದ್ದೆ. ಬಾಗಿಲು ದಾಟಿದ ಕೂಡಲೇ ಇದು ತಾನಾಗಿ ತಿರುಗಿ ನಿಲ್ಲುತ್ತದೆ, ನಾವು ಅಗುಳಿ ಹಾಕುವವರೆಗೆ ಕಾಯುತ್ತದೆ. ಹೀಗೆ ಕಲಿತ ಕುದುರೆ ಕಂಬಗಳ ರಾಶಿಯ ಪಕ್ಕ ಹರಾಜಿಗೆ ನಿಂತದ್ದು ಹೇಗೆ?

ಎಡತೊಡೆಯ ಮೇಲೆ ಕೈಯಾಡಿಸಿದಾಗ ಚರ್ಮ ಒರಟಾಗಿದೆ ಎಂದ ರಸ್ಸ್. ಚಳಿಗಾಲದ ಕೂದಲು ದಟ್ಟವಾಗಿ ಮುಚ್ಚಿತ್ತು. ಕತ್ತರಿ ಯಂತ್ರ ಹಿಡಿದು ಅಂಗೈಯಗಲ ಬೋಳಿಸಿದ. ಹಳೆಯ ಬರೆಯ ಗುರುತು ಕಾಣಿಸಿತು: ಅರ್ಧಚಂದ್ರ, ಅದರ ಕೆಳಗೊಂದು ಕೊಕ್ಕೆ.

"ಈ ಗುರುತಿನಿಂದ ಸಾಕಿದೋರು ಸಿಕ್ತಾರೆ. ಒಂದು ಫೋನ್ ಮಾಡಿ. ಖುಷಿ ಪಡ್ತಾರೆ. ಮರಿ ಹಾಕಿಸಿ ದೊಡ್ಡದು ಮಾಡಿ ಕೊಟ್ಟ ಮೇಲೆ ಅದು ಎಲ್ಲಿದೆ ಅಂತ ಯಾರು ಹೇಳ್ತಾರೆ ಅವರಿಗೆ?"

ಹೆಸರು ಗೊತ್ತಾದರೆ ನನಗೂ ಅನುಕೂಲ. ಮೂರು ವಾರದಿಂದ "ಏಯ್" ಎಂದೇ ಕರೆಯುತ್ತಿದ್ದೇನೆ.

ನವೆಂಬರ್ 4, ಸೋಮವಾರ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಬೆಳಗ್ಗೆ ಬರೆ ಗುರುತು ನೋಂದಾಯಿಸುವ ಕಚೇರಿಗೆ ಫೋನ್ ಮಾಡಿದೆ. ಅರ್ಧಚಂದ್ರ–ಕೊಕ್ಕೆ ವೆಗ್ರೆವಿಲ್ ಊರಿನ ಹತ್ತಿರದ ಸ್ಟೆಫಾನಿಯಾ ಪ್ರೊಕೊಪ್ ಎಂಬವರ ಹೆಸರಿನಲ್ಲಿದೆ. ಇಲ್ಲಿಂದ ನಾಲ್ಕು ಗಂಟೆಯ ದಾರಿ. ಊಟವಾದ ಮೇಲೆ ಅವರ ಮನೆಗೆ ಫೋನ್ ಮಾಡಿದೆ. ವಯಸ್ಸಾದ, ಗಟ್ಟಿ ದನಿಯ ಹೆಂಗಸು. ನನ್ನ ಹೆಸರು ಹೇಳಿದೆ, ಸಂಡ್ರಿ ಊರಿನ ಪಶ್ಚಿಮಕ್ಕೆ ನಮ್ಮ ಮನೆ ಎಂದೆ, ನಿಮ್ಮ ಬರೆಯಿರುವ ಕುದುರೆ ನನ್ನ ಹತ್ತಿರ ಇದೆ, ತುಂಬಾ ಒಳ್ಳೆಯದು ಎಂದು ಹೇಳಲು ಫೋನ್ ಮಾಡಿದೆ ಎಂದೆ.

"ಯಾವುದು?" ಎಂದರು. ದನಿಯಲ್ಲಿ ನಗುವಿತ್ತು. "ಬಣ್ಣ ಹೇಳಿ."

ಕೆಂಗಂದು ಎಂದೆ. ಹಣೆಯ ಬಟಾಣಿ ಹೇಳಿದೆ. ಎಡ ಹಿಂಗಾಲಿನ ಬಿಳಿ ಗೊರಸು ಹೇಳಿದೆ.



"ಆ ಕುದುರೆ ಸತ್ತಿದೆ," ಎಂದರು.

ಇಲ್ಲ, ನನ್ನ ಕಿಟಕಿಯಿಂದ ಕಾಣುತ್ತಿದೆ ಎಂದೆ.

"ಜೂನ್ ತಿಂಗಳಲ್ಲಿ ಕರುಳು ತಿರುಚಿ ಸತ್ತಿದೆ. ಅದರ ಬಾಲ ನನ್ನ ಗೋಡೆ ಮೇಲಿದೆ. ನೀವು ಯಾರೋ ನನಗೆ ಗೊತ್ತಿಲ್ಲ, ಇಂಥ ಆಟ ಆಡಬೇಡಿ." ಫೋನ್ ಇಟ್ಟರು.

ಕಾಫಿ ಆರುವವರೆಗೆ ಅಲ್ಲೇ ಕೂತಿದ್ದೆ.

ಆಮೇಲೆ ಹೊರಗೆ ಹೋಗಿ ಬಾಲ ಹಿಡಿದು ನೋಡಿದೆ. ಕರು ಜಗಿದ ಕೂದಲು ಎಳೆಯೆಳೆಯಾಗಿ, ಏರುಪೇರಾಗಿ ಇರುತ್ತದೆ. ಇದರ ತುದಿ ಒಂದೇ ಮಟ್ಟದಲ್ಲಿದೆ. ಹೆಣೆದು, ಬಿಗಿಯಾಗಿ ಹಿಡಿದು, ಕತ್ತರಿಯಲ್ಲಿ ಕತ್ತರಿಸಿದ್ದು. ಒಂದು ತಿಂಗಳಿಂದ ದಿನವೂ ನೋಡುತ್ತಿದ್ದೇನೆ, ದಲ್ಲಾಳಿ ಹೇಳಿದ್ದನ್ನೇ ಕಂಡಿದ್ದೇನೆ. ನಾನು ಇಪ್ಪತ್ತು ವರ್ಷ ವಾರಪತ್ರಿಕೆಯಲ್ಲಿ ಸಾವಿನ ಸುದ್ದಿಗಳನ್ನು ಬರೆದುಕೊಳ್ಳುತ್ತಿದ್ದವಳು. ಎರಡು ಬಾಯಿಂದ ಕೇಳದೆ ಒಂದೂ ಸಾವನ್ನು ಅಚ್ಚಿಗೆ ಕಳಿಸಿದವಳಲ್ಲ.

ಅದು ತಲೆ ತಿರುಗಿಸಿ ನನ್ನನ್ನೇ ನೋಡುತ್ತಿತ್ತು.

ನವೆಂಬರ್ 5, ಮಂಗಳವಾರ

ನಿದ್ದೆ ಇಲ್ಲ.

ಲೈಲ್: "ಸತ್ತವರ ಮನೆಗೆ ಫೋನ್ ಮಾಡಿ, ನಿಮ್ಮೋರು ನಮ್ಮಲ್ಲಿ ಹುಲ್ಲು ಮೇಯ್ತಿದ್ದಾರೆ ಅಂದ್ರೆ ಯಾರಾದ್ರೂ ಏನನ್ಬೇಕು? ಬಿಡು ಅತ್ಲಾಗೆ. ಕೊಂಡ ಚೀಟಿ ನಮ್ಮ ಹತ್ರ ಇದೆ."

ಬಿಡುತ್ತೇನೆ ಎಂದೆ.

ನವೆಂಬರ್ 8, ಶುಕ್ರವಾರ

ಪ್ರೊಕೊಪ್ ಅವರೇ ಫೋನ್ ಮಾಡಿದರು. ಕ್ಷಮೆ ಕೇಳಲಿಲ್ಲ, ನಮಸ್ಕಾರವೂ ಇಲ್ಲ.

"ಕಡಿವಾಣ ತೆಗೆದಾಗ ಏನು ಮಾಡುತ್ತೆ?"

"ಗೊತ್ತಿಲ್ಲ. ನಾನು ಅದಕ್ಕೆ ಕಡಿವಾಣ ಹಾಕಿಲ್ಲ."

"ತಿಂಗಳಿಂದ ಇಟ್ಟುಕೊಂಡು ಕಡಿವಾಣ ಹಾಕಿಲ್ವಾ? ಮತ್ತೆ ಏನು ಮಾಡ್ತೀರಿ ಅದನ್ನ, ಪೂಜೆನಾ?"

"ಬೂಟ್ಸ್‌ಗೆ ಜೊತೆ..."

"ಹೋಗಿ ಹಾಕಿ. ತೆಗೀರಿ. ಏನು ಮಾಡಿತು ಅಂತ ಹೇಳಿ. ನಾನು ಫೋನ್ ಪಕ್ಕದಲ್ಲೇ ಇರ್ತೀನಿ."

ಹೋಗಿ ಹಾಕಿದೆ. ತೆಗೆದೆ. ಕುದುರೆ ನಾಲಿಗೆಯನ್ನು ಬಾಯಿಯ ಎಡಬದಿಯಿಂದ ಹೊರಗೆ ಚಾಚಿ, ಹಾಗೇ ನಿಂತುಬಿಟ್ಟಿತು. ಮಗು ವೈದ್ಯರಿಗೆ ತೋರಿಸುತ್ತದಲ್ಲ, ಹಾಗೆ. ಯಾರೋ ಏನೋ ಮಾಡಲಿ ಎಂದು ಕಾಯುತ್ತಿತ್ತು. ನನಗೆ ನಗು ಬಂತು.

ವಾಪಸ್ ಬಂದು ಹೇಳಿದೆ.

"ಹಿಡಿದು ಮೆಲ್ಲಗೆ ಎಳೀಬೇಕು," ಎಂದರು. "ಮರಿಯಾಗಿದ್ದಾಗ ನಾನೇ ಮಾಡಿದ ಅಭ್ಯಾಸ. ಎಳೆಯೋ ತನಕ ನಾಲಿಗೆ ಒಳಗೆ ತಗೊಳ್ಳಲ್ಲ ಅವಳು. ಎಳೆದ್ರಾ?"

"ಇಲ್ಲ."

"ಪಾಪ. ಹೋಗಿ ಎಳೀರಿ. ಅವಳ ಹೆಸರು ಕಲೀನಾ."

ಹೋಗಿ ನೋಡಿದರೆ ಅವಳು ಇನ್ನೂ ಹಾಗೇ ನಿಂತಿದ್ದಳು.

ಅದೇ ದಿನ, ಸಂಜೆ

ಮತ್ತೆ ಮಾತಾಡಿದೆವು. ಪ್ರೊಕೊಪ್ ಮನೆಯ ಪದ್ಧತಿ ಹೀಗೆ: ಅವರ ಕುದುರೆ ತೆಗೆದುಕೊಳ್ಳುವವರು ಕೈಕುಲುಕಿ ಎರಡು ಮಾತು ಕೊಡಬೇಕು. ಬೇಡವಾದರೆ ಕುದುರೆ ಬೇರೆಯವರಿಗೆ ಹೋಗಬಾರದು, ಅವರಿಗೇ ವಾಪಸ್ ಬರಬೇಕು. ಸತ್ತರೆ ಬಾಲದ ಜಡೆ ಬರಬೇಕು. ಜಡೆಗಳನ್ನು ಜೀನಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಾರೆ. ಅಪ್ಪನ ಕಾಲದಿಂದಲೂ ಒಬ್ಬರೂ ತಪ್ಪಿಲ್ಲವಂತೆ.

"ಕಲೀನಾಳನ್ನ ಯಾರಿಗೆ ಕೊಟ್ಟಿದ್ರಿ?"

"ನನ್ನ ಮಗನಿಗೆ."



"ಮೈರನ್ ಜಡೆ ಹಿಡ್ಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ಅಳ್ತಿದ್ದ. ಐವತ್ತು ದಾಟಿದ ಗಂಡಸು. ನಾನು ಕೂರಿಸಿ ಬೀಟ್‌ರೂಟ್ ಸಾರು ಬಡಿಸಿದೆ. ಹೋಗ್ಲಿ ಬಿಡು ಮಗನೇ, ನಿನ್ನ ಕೈಲಿ ಏನಿತ್ತು ಅಂದೆ. ಎರಡು ತಟ್ಟೆ ತಿಂದ, ಗೊತ್ತಾ?"

ಆಮೇಲೆ ಅವರು ಹೇಳಿದ್ದು: "ಮುಂದಿನ ಶನಿವಾರ ಬರ್ತೀನಿ. ಟ್ರೇಲರ್ ಕಟ್ಟಿಕೊಂಡೇ ಬರ್ತೀನಿ. ಅವನೇ ಓಡಿಸ್ತಾನೆ. ಯಾವ ಕುದುರೆಗೆ ಅಂತ ನಾನು ಹೇಳಲ್ಲ."

ನವೆಂಬರ್ 10, ಭಾನುವಾರ

ಟ್ರೇಲರ್ ಎಂದರೆ ಕರೆದುಕೊಂಡು ಹೋಗುವುದು ಎಂದೇ ಅರ್ಥ.

ಲೈಲ್ ಯೋಚಿಸಲು ಏನೂ ಇಲ್ಲ ಎಂಬಂತೆ ಮಾತಾಡಿದ. "ಕಾನೂನು ನಮ್ಮ ಕಡೆ. ಅವರ ಮಾತು ಅವರ ಮಗನ ಜೊತೆ, ನಿನ್ನ ಜೊತೆ ಅಲ್ಲ. ನೀನು ಯಾರ ಕೈನೂ ಕುಲುಕಿಲ್ಲ."

ನಿಜ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಆದರೆ ಒಬ್ಬರ ಸಾವನ್ನು ತಪ್ಪಾಗಿ ಅಚ್ಚು ಹಾಕಿದರೆ ತಿದ್ದುಪಡಿ ಹಾಕಲೇಬೇಕು, ತಪ್ಪು ಯಾರದ್ದಾದರೂ. ತಿದ್ದುಪಡಿ ಎಂದರೆ ಇಲ್ಲಿ ಏನು? ಕುದುರೆ ವಾಪಸ್ ಕೊಡುವುದೇ? ಅಥವಾ ಬದುಕಿದ್ದಾಳೆ ಎಂದು ತೋರಿಸಿದರೆ ಸಾಕೇ?

ಬೂಟ್ಸ್‌ಗೆ ಮತ್ತೆ ಕಷ್ಟವಾಗುತ್ತದೆ. ಅದೊಂದೇ ನನ್ನ ಚಿಂತೆ.

ನವೆಂಬರ್ 13, ಬುಧವಾರ

ಗಾಳಿ ತಿರುಗಿ ಬೆಚ್ಚಗಾಗಿದೆ, ಅಂಗಳದ ಹಿಮವೆಲ್ಲ ನೀರು. ಕಲೀನಾಳ ಮೈ ಉಜ್ಜಿದೆ, ಜೂಲು ಬಾಚಿದೆ. ನನ್ನ ಜೀನು ಅವಳ ಬೆನ್ನಿಗೆ ಹೊಂದುತ್ತದೆಯೇ ನೋಡೋಣ ಎಂದು ಹಾಕಿದೆ. ಹೊಂದುತ್ತದೆ. ಯಾರಾದರೂ ಮೇಲೆ ಕೂತಾಗ ನಡಿಗೆ ಹೇಗೆ ಎಂದು ಆ ಮುದುಕಿ ಕೇಳಿಯೇ ಕೇಳುತ್ತಾರೆ, ಉತ್ತರ ಗೊತ್ತಿರಬೇಕು. ಅಂಚೆ ಡಬ್ಬಿಯವರೆಗೆ ಹೋಗಿ ಬಂದೆವು. ನಡಿಗೆ ಚೆನ್ನಾಗಿದೆ, ಸ್ವಲ್ಪ ಎಡಕ್ಕೆ ವಾಲುತ್ತಾಳೆ. ವಿದ್ಯುತ್ ಬಿಲ್ ಬಂದಿದೆ.

ಲೈಲ್ ಕಿಟಕಿಯಲ್ಲಿ ನಿಂತಿದ್ದ. ಒಳಗೆ ಬಂದಾಗ ನನ್ನ ಬೂಟು ಎಳೆದು ಕೊಟ್ಟ. ಏನಾಗಿದೆಯೋ ಅವನಿಗೆ.

ನವೆಂಬರ್ 16, ಶನಿವಾರ

ಅವರು ಬಂದು ಹೋದರು.

ಸ್ಟೆಫಾನಿಯಾ ಪ್ರೊಕೊಪ್ ನನ್ನ ಹೆಗಲಿಗಿಂತ ಕುಳ್ಳು. ಬಿಳಿ ಕೂದಲಿನ ಜಡೆ ಸೊಂಟದವರೆಗೆ. ಕೈಯಲ್ಲಿ ದಿನಸಿ ಅಂಗಡಿಯ ಕಾಗದದ ಚೀಲ. ಮಗ ಮೈರನ್ ಎತ್ತರದ, ದಪ್ಪ ಮನುಷ್ಯ. ಟ್ರಕ್ ನಿಲ್ಲಿಸಿ ಇಳಿದು, ಟೊಪ್ಪಿ ತೆಗೆದು ನಗುತ್ತಾ ಲೈಲ್‌ನ ಕೈಕುಲುಕಿದ. "ನಮ್ಮಮ್ಮ ಕುದುರೆ ನೋಡ್ಬೇಕಂತೆ. ಎಪ್ಪತ್ತೆಂಟು ವಯಸ್ಸು, ಇನ್ನೂ ಆಸೆ ಹೋಗಿಲ್ಲ. ದಯವಿಟ್ಟು ಬೆಲೆ ಜಾಸ್ತಿ ಹೇಳಿ."

ಲೈಲ್ ನಗಲಿಲ್ಲ. ನಾನು ಲಾಯದ ಬಾಗಿಲು ತೆಗೆದೆ.

ಕಲೀನಾ ಹೊರಗೆ ಬಂದಳು. ದಾಟಿ, ತಿರುಗಿ, ಅಗುಳಿಗೆ ಕಾದು ನಿಂತಳು.

ಮೈರನ್‌ನ ಮುಖ ನಾನು ಮರೆಯಲಾರೆ. ನಗು ಅಲ್ಲೇ ಇತ್ತು, ಅದನ್ನು ತೆಗೆಯಲು ಮರೆತವನ ಹಾಗೆ. ಕೈಯಿಂದ ಟೊಪ್ಪಿ ಕೆಸರಿಗೆ ಬಿತ್ತು.

ಮುದುಕಿ ಮಗನ ಕಡೆ ನೋಡಲೇ ಇಲ್ಲ. ಚೀಲದಿಂದ ಕಪ್ಪು ಜಡೆ ತೆಗೆದು, ಕುದುರೆಯ ಹಿಂದೆ ಹೋಗಿ, ಮೊಂಡು ಬಾಲಕ್ಕೆ ಹಿಡಿದರು. ಸೇರಿಸಿದ ಜಾಗ ಎಲ್ಲೆಂದು ಹೇಳಲಾಗುತ್ತಿರಲಿಲ್ಲ.

"ಕತ್ತರಿಸುವಾಗ ಇವಳು ಅಲುಗಾಡಿದಳಾ, ಮೈರನ್?"

"ಅಮ್ಮಾ..."

"ಕೇಳಿದ್ದಕ್ಕೆ ಹೇಳು."

"ಇಲ್ಲ. ನಿಂತೇ ಇದ್ದಳು."

"ನಿಲ್ತಾಳೆ. ನಾನು ಕಲಿಸಿದ್ದು."

ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. "ಮಗಳು ಓದೋಕೆ ಹೋದ ಮೇಲೆ ಹತ್ತೋರು ಇರಲಿಲ್ಲ. ಮಾತಿನ ಪ್ರಕಾರ ನಿನಗೇ ವಾಪಸ್ ಕೊಡ್ಬೇಕಿತ್ತು. ಹೋದ ಚಳಿಗಾಲ ನೀನು ನೀರಿನ ತೊಟ್ಟಿ ಹತ್ರ ಮಂಜುಗಡ್ಡೆ ಮೇಲೆ ಜಾರಿ ಬಿದ್ದಿದ್ದೆ ಅಲ್ವಾ? ಎಷ್ಟು ಹೊತ್ತಿಂದ ಬಿದ್ದಿದ್ದೆ ಅಂತ ನಿನಗೇ ಗೊತ್ತಿರಲಿಲ್ಲ. ರೆಪ್ಪೆ ಮೇಲೆ ಹಿಮ ಕೂತಿತ್ತಮ್ಮಾ. ಸತ್ತಿದ್ದೀಯ ಅಂದ್ಕೊಂಡೇ ಎತ್ತಿದೆ. ಆಮೇಲೆ ಉಳಿದ ಕುದುರೆಗಳನ್ನ ನೀನೇ ಒಪ್ಪಿ ಬೇರೆಯೋರಿಗೆ ಕೊಟ್ಟೆ. ಇವಳು ಬಂದಿದ್ರೆ ಮತ್ತೆ ಕೊಡಲಿ ಹಿಡಿದು ತೊಟ್ಟಿಯ ಮಂಜುಗಡ್ಡೆ ಒಡೆಯೋಕೆ ಹೋಗ್ತಿದ್ದೆ. ಮಾರಿದೆ ಅಂದಿದ್ರೆ ಹುಡುಕಿಕೊಂಡು ಹೋಗ್ತಿದ್ದೆ. ಸತ್ತಳು ಅಂದ್ರೆ ಮಾತ್ರ ಸುಮ್ನಿರ್ತೀಯ."

"ಜಡೆ ಬಂದ್ರೆ ಮಾತ್ರ ನಂಬ್ತೀನಿ ಅಂತ ಗೊತ್ತಿತ್ತು ನಿನಗೆ."

"ಗೊತ್ತಿತ್ತು."

"ನಿಜ ಕಣೋ. ಸುಮ್ನಿದ್ದೆ. ಜೂನ್‌ನಿಂದ ಲಾಯದ ಕಡೆ ಕಾಲಿಟ್ಟಿಲ್ಲ. ಜಾರಲಿಲ್ಲ, ಬೀಳಲಿಲ್ಲ. ಕುರ್ಚೀಲಿ ಕೂತು ಟಿವಿ ನೋಡಿದೆ. ಅದಕ್ಕೇ ತಾನೇ ನೀನು ಮಾಡಿದ್ದು?"

ಮೈರನ್ ಬೇಲಿ ಹಿಡಿದು ನಿಂತ. ಲೈಲ್ ಕೆಸರಿನಿಂದ ಅವನ ಟೊಪ್ಪಿ ಎತ್ತಿ, ತೊಡೆಗೆ ಉಜ್ಜಿ ಕೊಟ್ಟ.

ಮುದುಕಿ ಹೋಗಿ ಟ್ರೇಲರಿನ ಬಾಗಿಲು ತೆಗೆದರು. ನಾಲಿಗೆಯಿಂದ ಒಂದು ಸಣ್ಣ ಸದ್ದು ಮಾಡಿದರು ಅಷ್ಟೇ. ಕಲೀನಾ ಹಗ್ಗವಿಲ್ಲದೆ, ಯಾರೂ ಹಿಡಿಯದೆ, ಸೀದಾ ಹೋಗಿ ಹತ್ತಿದಳು. ಚೀಟಿ ನನ್ನ ಜೇಬಿನಲ್ಲಿತ್ತು. ಹೇಳಬೇಕೆಂದು ಮೂರು ದಿನದಿಂದ ಸಿದ್ಧ ಮಾಡಿಕೊಂಡ ಮಾತೂ ಇತ್ತು. ಎರಡನ್ನೂ ಹೊರಗೆ ತೆಗೆಯಲಿಲ್ಲ. ಬೇಲಿಯ ಆಚೆ ಬೂಟ್ಸ್ ಕೆನೆಯಿತು.

ಮುದುಕಿ ಕಲೀನಾಳನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

"ಹಿಂದೆ," ಎಂದರು. ಕಲೀನಾ ಒಂದೊಂದೇ ಹೆಜ್ಜೆ ಹಿಂದಿಟ್ಟು ಇಳಿದಳು.

"ಮೂರು ದಿನದ ಹಿಂದೆ ಕಟ್ಟಿದ ಜೀನಿನ ಗುರುತು ಬೆನ್ನ ಮೇಲಿದೆ," ಎಂದರು. "ಜೊತೆಗೆ ಅಂತ ಇಟ್ಕೊಂಡಿದ್ದೀನಿ ಅಂದ್ರಿ?"

"ಅಂಚೆ ಡಬ್ಬಿ ತನಕ ಹೋಗಿದ್ದೆ."

"ಎಡಕ್ಕೆ ವಾಲ್ತಾಳಾ?"

"ವಾಲ್ತಾಳೆ."

"ಹುಟ್ಟು ಗುಣ. ತಿದ್ದೋಕೆ ಹೋಗಬೇಡಿ." ಕೈ ಮುಂದೆ ಚಾಚಿದರು. "ಬೇಡವಾದ್ರೆ ನನಗೇ ವಾಪಸ್. ಸತ್ತರೆ ಬಾಲ ನನಗೆ. ನಿಜವಾಗಿ ಸತ್ತರೆ."

ಕುಲುಕಿದೆ. ಅವರ ಕೈ ಒಣಗಿದ ಚರ್ಮದ ಪಟ್ಟಿಯ ಹಾಗಿತ್ತು.

ಲೈಲ್‌ಗೆ ಬಾಯಿ ಸುಮ್ಮನಿರಬೇಕಲ್ಲ. "ತಪ್ಪು ತಿಳೀಬೇಡಿ, ಮಿಸೆಸ್ ಪ್ರೊಕೊಪ್. ಕುದುರೆಗೆ ಹತ್ತು ವರ್ಷ, ನಿಮಗೆ ಎಪ್ಪತ್ತೆಂಟು. ಲೆಕ್ಕ ತಿರುಗಾಮುರುಗಾ ಆದ್ರೆ?"

ಮುದುಕಿ ಮೊದಲ ಸಲ ನಕ್ಕರು. ತಮ್ಮ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಅಲ್ಲಾಡಿಸಿದರು. "ಹಂಗಾದ್ರೆ ನಂದು ಇವಳಿಗೆ."

ಎಲ್ಲರೂ ನಕ್ಕೆವು, ಮೈರನ್ ಒಬ್ಬನನ್ನು ಬಿಟ್ಟು.

ಕಪ್ಪು ಜಡೆಯನ್ನು ನನ್ನ ಕೈಗೆ ಕೊಟ್ಟು ಹೋದರು. ಗೋಡೆಯ ಮೊಳೆಯನ್ನು ಖಾಲಿ ಬಿಡುತ್ತಾರಂತೆ.

ಜನವರಿ 7, ಮಂಗಳವಾರ

ಪ್ರೊಕೊಪ್ ಮನೆಯವರ ಹಳೆಯ ಚರ್ಚ್ ಪಂಚಾಂಗದಲ್ಲಿ ಇವತ್ತು ಕ್ರಿಸ್‌ಮಸ್. ಸ್ಟೆಫಾನಿಯಾ ಫೋನ್ ಮಾಡಿದ್ದರು. ಮೈರನ್ ಅವರಿಗೆ ಒಂದು ಮುದಿ ಕುದುರೆ ತಂದುಕೊಟ್ಟಿದ್ದಾನೆ, ನೀರಿನ ತೊಟ್ಟಿಗೆ ಕರೆಂಟಿನ ಹೀಟರ್ ಹಾಕಿಸಿದ್ದಾನೆ. "ಗಡ್ಡೆ ಒಡೆಯೋ ಹಾಗೇ ಇಲ್ಲ. ಕೊಡಲಿ ಬೇರೆ ಬಚ್ಚಿಟ್ಟಿದ್ದಾನೆ, ಕಳ್ಳ." ದನಿಯಲ್ಲಿ ಸಂತೋಷವಿತ್ತು.

ಕಲೀನಾ ಮತ್ತು ನಾನು ಬೆಳಗ್ಗೆ ಹೊಳೆಯವರೆಗೆ ಹೋಗಿದ್ದೆವು ಎಂದು ಹೇಳಿದೆ. ಮಂಜಿನ ಮೇಲೆ ಜೋರಾಗಿ ಓಡಿಸಬೇಡಿ ಎಂದು ಬೈದರು. ಓಡಿದ್ದು ಅವಳು, ನಾನಲ್ಲ ಎಂದೆ.

ಫೆಬ್ರವರಿ 22, ಶನಿವಾರ

ಮಧ್ಯಾಹ್ನ ನಾಯಿ ಬೊಗಳಿತು. ಅಂಗಳದಲ್ಲಿ ಮೈರನ್‌ನ ಟ್ರಕ್ಕು. ಟ್ರೇಲರ್ ಇರಲಿಲ್ಲ. ಟೊಪ್ಪಿ ಕೈಯಲ್ಲಿ, ಇನ್ನೊಂದು ಕೈಯಲ್ಲಿ ದಿನಸಿ ಅಂಗಡಿಯ ಕಾಗದದ ಚೀಲ.

ಚೀಲ ಕೊಟ್ಟ. ಒಳಗೆ ಬಿಳಿ ಜಡೆ.

ನಾನು ಮೊದಲು ಮಾಡಿದ್ದು ಅದರ ತುದಿ ನೋಡಿದ್ದು. ಸಮವಾಗಿ, ಕತ್ತರಿಯಲ್ಲಿ ಕತ್ತರಿಸಿದ್ದು. ನನ್ನ ಬಾಯಿಂದ ಬಂದ ಮಾತು ನನಗೇ ನಂಬಲಾಗುತ್ತಿಲ್ಲ, ಆದರೂ ಬರೆಯುತ್ತೇನೆ.

"ಬದುಕಿರೋರ ಕೂದಲನ್ನೂ ಹೀಗೇ ಕತ್ತರಿಸಬಹುದು," ಎಂದೆ.

ಲೈಲ್ ನನ್ನ ತೋಳು ಹಿಡಿದ. ಮೈರನ್ ಬೇಸರ ಮಾಡಿಕೊಳ್ಳಲಿಲ್ಲ.

"ಹೀಗೇ ಹೇಳ್ತೀರಿ ಅಂತ ಅಮ್ಮ ಹೇಳಿದ್ಲು. ಹೋದ ವಾರ, ಆಸ್ಪತ್ರೇಲಿ. ಜಡೆ ನೀನೇ ತಗೊಂಡು ಹೋಗು, ಅಂಚೆಗೆ ಹಾಕಬೇಡ, ಅವರು ನಂಬಲ್ಲ, ನಂಬದೇ ಇರೋರ ಮುಂದೆ ನಿಂತು ಹೇಳು ಅಂದ್ಲು." ಆಮೇಲೆ, "ಗುರುವಾರ ಹೋದ್ಲು. ನಿದ್ದೇಲೇ. ಮಂಜುಗಡ್ಡೆ ಮೇಲಲ್ಲ," ಎಂದ.

ಫೋನ್ ಮಾಡಿದೆ. ಅವನ ಎದುರಿಗೇ. ಮಾಡದೆ ಇರಲು ನನ್ನಿಂದ ಆಗಲಿಲ್ಲ. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾದ. ಆ ಕಡೆ ಯಾರೋ ಎತ್ತಿದರು. ಹಿಂದೆ ಪಾತ್ರೆಗಳ ಸದ್ದು, ತುಂಬಾ ಹೆಂಗಸರ ಮಾತು. ಸ್ಟೆಫಾನಿಯಾ ಇದ್ದಾರಾ ಎಂದು ಕೇಳಿದೆ. "ಅಯ್ಯೋ, ನಿಮಗೆ ಗೊತ್ತಿಲ್ವಾ?" ಎಂದಿತು ಆ ದನಿ.

ಫೋನ್ ಇಟ್ಟೆ. ಎರಡು ಬಾಯಿ ಆಯಿತು.

"ಕೂತುಕೊಳ್ಳಿ ಮೈರನ್," ಎಂದೆ. ಒಲೆಯ ಮೇಲೆ ಬಾರ್ಲಿ ಸೂಪ್ ಇತ್ತು. ಅವನು ಚಮಚ ಹಿಡಿದ, ತಿನ್ನಲಾಗಲಿಲ್ಲ.

ಆಮೇಲೆ ಮೂವರೂ ಲಾಯಕ್ಕೆ ಹೋದೆವು. ಕಲೀನಾಳ ಬಾಲ ಈಗ ಹಿಂಗಾಲಿನ ಗಂಟಿನ ಕೆಳಗೆ ಇಳಿದಿದೆ. ಬಿಳಿ ಜಡೆಯನ್ನು ಅವಳ ಮೂತಿಯ ಮುಂದೆ ಹಿಡಿದೆ. ಬಹಳ ಹೊತ್ತು ಮೂಸಿದಳು. ಕಡಿವಾಣ ಹಾಕಿರಲಿಲ್ಲ, ತೆಗೆದಿರಲೂ ಇಲ್ಲ. ಆದರೂ ನಾಲಿಗೆಯನ್ನು ಎಡಬದಿಯಿಂದ ಹೊರಗೆ ಚಾಚಿ ಕಾದು ನಿಂತಳು.

ನಾನು ಕೈ ಚಾಚಿದವಳು ಹಿಂದೆ ತೆಗೆದುಕೊಂಡೆ. ಮೈರನ್‌ಗೆ ಜಾಗ ಬಿಟ್ಟೆ. ಅವನು ಹಿಡಿದು, ಮೆಲ್ಲಗೆ ಎಳೆದ.

ಮಂಗಳವಾರ ಅಂತ್ಯಕ್ರಿಯೆ. ಕಲೀನಾಳನ್ನೂ ಕರೆದುಕೊಂಡು ಹೋಗುತ್ತೇವೆ. ಲೈಲ್ ಅಂಗಳದಲ್ಲಿ ಟ್ರೇಲರಿನ ಟಯರುಗಳಿಗೆ ಗಾಳಿ ತುಂಬುತ್ತಿದ್ದಾನೆ.